ಗರಡಿ ಬಾಗಿಲಿಗೆ ಕೂತ ಗುರಸಿದ್ದವ್ವ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲಕ್ಕೆ, ಹೊಳೆಯಾಚೆ ಒಂದು ಊರಲ್ಲಿ ಗುರಸಿದ್ದವ್ವ ಅಂತ ಒಬ್ಬಳಿದ್ದಳಂತೆ. ಕಣ್ಣಿಗೆ ಮದ್ದು ಹಾಕುವವಳು. ಮರದರಿಸಿನದ ತೊಗಟೆ ಕುದಿಸಿ, ಮಡಿ ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಎರಡು ಹನಿ ಬಿಡುವಳಂತೆ. ಉರಿ ಅಂದರೆ ಉರಿ. ಆ ಹನಿ ಬಿದ್ದರೆ ಎಮ್ಮೆಯೂ ಅಳುತ್ತಿತ್ತು ಅಂತಾರೆ. ಅನ್ನುವವರು ಏನು ಬೇಕಾದರೂ ಅಂತಾರೆ, ಬಿಡಿ.

ಆ ಊರಲ್ಲೊಂದು ಗರಡಿ ಮನೆ. ಇಪ್ಪತ್ತು ಜನ ಪೈಲ್ವಾನರಿಗೆ ಮೈ ಮುಖ ಒರೆಸಲು ಗೂಟದ ಮೇಲೆ ಒಂದೇ ವಸ್ತ್ರ. ಒಂದು ವರ್ಷ ಕಣ್ಣುಬೇನೆ ಬಂತು, ಇಪ್ಪತ್ತೂ ಜನರ ಕಣ್ಣು ಕೆಂಪಾದವು. ಗುರಸಿದ್ದವ್ವ ಹೇಳಿದಳಂತೆ: "ಈ ಬ್ಯಾನಿ ಎಂಟ್ಹತ್ತು ದಿನಕ್ಕ ತಾನಾ ಹೋಗತೈತಿ. ನನ್ನ ಮದ್ದು ಹೊಲಸು ತೊಳಿಯಾಕ ಅಷ್ಟ. ಒಬ್ಬರ ವಸ್ತ್ರ ಒಬ್ಬರು ಮುಟ್ಟಬ್ಯಾಡ್ರಿ. ಕೈ ತೊಳಕೊಳ್ರಿ. ವಾಸಿ ಆಗೂತನಕ ಗರಡಿಗೆ ಬರಬ್ಯಾಡ್ರಿ."

ಅವರು ಮದ್ದು ಅನ್ನುವ ಒಂದು ಮಾತನ್ನಷ್ಟೇ ಕೇಳಿಸಿಕೊಂಡರು. ಸಾಲಾಗಿ ಬಂದರು, ಹನಿ ಹಾಕಿಸಿಕೊಂಡರು, ಅತ್ತರು, ಅತ್ತ ಕಣ್ಣನ್ನು ಅದೇ ವಸ್ತ್ರದಲ್ಲಿ ಒರೆಸಿಕೊಂಡು ಕುಸ್ತಿಗೆ ಇಳಿದರು. ಅವಳು ಮತ್ತೆ ಹೇಳಿದಳು. ಅವರು ಮತ್ತೆ ಒರೆಸಿಕೊಂಡರು.

ಅವರಲ್ಲಿ ಹಿರೇ ಪೈಲ್ವಾನ ಅಡಿವೆಪ್ಪ. ಉರಿಗೆ ಹೆದರಿ ಅವನು ಹನಿಯನ್ನೂ ಹಾಕಿಸಿಕೊಳ್ಳಲಿಲ್ಲ. ಬೇನೆಯನ್ನು ಮನೆಗೆ ಒಯ್ದ, ತಾಯಿಗೆ ಹತ್ತಿಸಿದ. ಯಾರೋ ಹೇಳಿದರು ಅಂತ ತಾನೇ ಅವಳ ಎಡಗಣ್ಣಿಗೆ ಈರುಳ್ಳಿ ರಸ ಹಿಂಡಿದ. ಆರು ದಿನಕ್ಕೆ ಆ ಕಣ್ಣಿಗೆ ಬಿಳಿ ಹೂವು ಬಿತ್ತು, ನೋಟ ಹೋಯಿತು.

ತಾಯಿಯನ್ನು ಹೆಗಲ ಮೇಲೆ ಹೊತ್ತು ತಂದನಂತೆ. ಗುರಸಿದ್ದವ್ವ ನೋಡಿದಳು. "ಈ ಕಣ್ಣಿಗೆ ನನ್ನ ಕಡೆ ಏನೂ ಇಲ್ಲೋ ಅಪ್ಪಾ" ಅಂದಳು. ಬಲಗಣ್ಣನ್ನು ಮೆಲ್ಲಗೆ ತೊಳೆದಳು. ಅಡಿವೆಪ್ಪ ಅಳುತ್ತ ತನ್ನ ಕಣ್ಣು ಒರೆಸಿಕೊಂಡ. ಒರೆಸಿಕೊಂಡ ಅದೇ ವಸ್ತ್ರವನ್ನು ತಾಯಿಯ ಬಲಗಣ್ಣಿಗೆ ಹಿಡಿಯಲು ಹೋದ. ಗುರಸಿದ್ದವ್ವ ಕೈಯಲ್ಲಿದ್ದ ಸೌಟಿನಿಂದ ಅವನ ಮುಂಗೈಗೆ ಬಾರಿಸಿದಳು.

"ಇನ್ನೂ ತಿಳೀಲಿಲ್ಲೇನೋ ನಿನಗ" ಅಂದಳು. ಆಗ ತಿಳಿಯಿತಂತೆ.

ಮರುದಿನ ಬೆಳಗ್ಗೆ ಗುರಸಿದ್ದವ್ವ ಹೋಗಿ ಗರಡಿ ಬಾಗಿಲಿಗೆ ಕೂತಳು. ಗರಡಿಯ ಬಾಗಿಲು ಗೊತ್ತಲ್ಲ, ಬಗ್ಗಿ ನುಸುಳಬೇಕು, ಒಬ್ಬಳು ಕೂತರೆ ಮುಗಿಯಿತು. ಹತ್ತು ದಿನ ಕೂತಳಂತೆ. ಗುಂಡು ಎತ್ತುವ ಪೈಲ್ವಾನರಿಗೆ ಆ ಮುದುಕಿಯನ್ನು ಎತ್ತಲಾಗಲಿಲ್ಲ, ಬೆಟ್ಟದಷ್ಟು ಭಾರವಾಗಿದ್ದಳು ಅಂತಾರೆ. ಎಂಥ ಭಾರ? ಹಿಡಿ ಎಲುಬು ಅವಳು. ಪಕ್ಕದಲ್ಲಿ ಅಡಿವೆಪ್ಪ ಕೈಕಟ್ಟಿ ನಿಂತಿದ್ದ, ಅಷ್ಟೇ. ಹತ್ತು ದಿನಕ್ಕೆ ಊರ ಕಣ್ಣೆಲ್ಲ ತಿಳಿಯಾದವು. ಅವನ ತಾಯಿ ಮಾತ್ರ ಒಂದೇ ಕಣ್ಣಲ್ಲಿ ಕೊನೆತನಕ ಬದುಕಿದಳು.

ಗುರಸಿದ್ದವ್ವ ಕೂತ ಜಾಗದಲ್ಲಿ ಈಗೊಂದು ಕಲ್ಲು ನಿಲ್ಲಿಸಿದ್ದಾರೆ. ಕಣ್ಣುಬೇನೆ ಬಂದವರೆಲ್ಲ ಹೋಗಿ ಕಣ್ಣೊತ್ತಿಕೊಂಡು ಬರುತ್ತಾರೆ. ಒಬ್ಬರಾದ ಮೇಲೆ ಒಬ್ಬರು, ಅದೇ ಕಲ್ಲಿಗೆ. ಹೇಳಿ ಹೇಳಿ ನನಗೂ ಸಾಕಾಯಿತು. ಈಗ ಬೇನೆ ಬಂದ ವರ್ಷ ದಿನಾ ಬೆಳಗ್ಗೆ ಒಂದು ಕೊಡ ಬಿಸಿನೀರು, ಒಂದು ತುಂಡು ಸಾಬೂನು ತೆಗೆದುಕೊಂಡು ಹೋಗಿ ಆ ಕಲ್ಲನ್ನು ತಿಕ್ಕಿ ತೊಳೆದು ಬರುತ್ತೇನೆ. ನೋಡಿದವರು ಅಭಿಷೇಕ ಅಂದುಕೊಂಡು ಕೈ ಮುಗಿಯುತ್ತಾರೆ.