ರಾಣಿ ಹೊನ್ನಾಜಿ ಮೋಡಕ್ಕಾಗಿ ಹಾಸಿದ ಚೌಕಳಿ ಬಟ್ಟೆ

ಒಂದಾನೊಂದು ಊರಿನಲ್ಲಿ, ಕೇಳಿ, ಮುದ್ದರಾಯ ಅಂತ ಒಬ್ಬ ರಾಜ. ಅವನ ರಾಣಿ ಹೊನ್ನಾಜಿ. ಅವರಿಗೆ ಮಕ್ಕಳಿರಲಿಲ್ಲ. ಒಂದು ದಿನ ಅನ್ನದ ತಪ್ಪಲೆಯ ಮುಚ್ಚಳ ತೆಗೆದಾಗ ಎದ್ದ ಹಬೆ ಹೊರಗೆ ಹೋಗಲೇ ಇಲ್ಲ. ಸೂರಿಗೆ ತಲೆ ತಾಗಿಸಿಕೊಂಡು ಅಲ್ಲೇ ನಿಂತುಬಿಟ್ಟಿತು. ರಾಣಿ ಅದನ್ನು ಸಾಕಿದಳು. ಅದು ಬೆಳೆದು ಮೋಡವಾಯಿತು.

ಒಳ್ಳೇ ಮೋಡವೇ. ಆದರೆ ಒಂದು ಕೆಟ್ಟ ಚಾಳಿ. ರಾಜನ ತಲೆಯ ಮೇಲೆ ಮಾತ್ರ ಮಳೆ ಸುರಿಸುತ್ತಿತ್ತು.

"ಇದನ್ನ ಬೀಸಣಿಗೆಯಲ್ಲಿ ಬೀಸಿ ಸಮುದ್ರಕ್ಕೆ ಅಟ್ಟಿಬಿಡಿ," ಅಂದ ರಾಜ, ಸೀನುತ್ತ.

ರಾಣಿ ಮೋಡಕ್ಕೆ ಅಡ್ಡ ನಿಂತಳು. "ಯಾಕೆ ಹೀಗೆ ಮಾಡುತ್ತೆ ಅಂತ ತಿಳಿಯೋವರೆಗೆ ತಡೀರಿ. ನೋಡಿ ನೋಡಿ ಗುರುತು ಹಾಕಿಡ್ತೀನಿ," ಅಂದಳು.

ಕಾಗದವಾದರೆ ನೆನೆದು ಹೋಗುತ್ತೆ. ಅದಕ್ಕೆ ಅಂಗಳದಲ್ಲಿ ಚೌಕಳಿ ಬಟ್ಟೆ ಹಾಸಿದಳು. ಒಂದು ಪಟ್ಟೆಗೆ 'ಮುಂಚೆ' ಅಂತ ಹೆಸರಿಟ್ಟಳು. ನಡುವಿನದಕ್ಕೆ 'ಮೋಡ'. ಕೊನೆಯದಕ್ಕೆ 'ಆಮೇಲೆ'.

ಮಳೆಗೆ ಮುಂಚೆ ರಾಜ ಕನ್ನಡಿಯಲ್ಲಿ ಮೀಸೆ ನೋಡುತ್ತಿದ್ದ. ಕನ್ನಡಿಯನ್ನು 'ಮುಂಚೆ'ಯ ಚೌಕದಲ್ಲಿಟ್ಟಳು. ಮೋಡ ಸುರಿಯಿತು. ನಡುವೆ ಒಂದು ಕವಡೆ ಇಟ್ಟಳು. ರಾಜ ಓಡಿದ, ಒದ್ದೆ ಪೇಟ ಬಿದ್ದುಹೋಯಿತು. ಅದು 'ಆಮೇಲೆ'ಗೆ.

ಆಗ ಕೊನೆಯ ಪಟ್ಟೆ ಮಾತಾಡಿತು. "ಆಮೇಲೆ?"

ಪೇಟದ ಮೇಲೆ ಕಾಗೆ ಕೂತಿತು. ಕಾಗೆಗೂ ಒಂದು ಚೌಕ.

"ಆಮೇಲೆ?"

ಕಾಗೆ ಓಡಿಸಲು ಅಗಸ ಬಂದ. ಅವನನ್ನೂ ಒಂದು ಚೌಕದಲ್ಲಿ ಕೂರಿಸಿದಳು. ಮೆತ್ತಗಿತ್ತು, ಮಲಗಿಬಿಟ್ಟ.

"ಆಮೇಲೆ?"

ಅವನನ್ನು ಹುಡುಕಿಕೊಂಡು ಹೆಂಡತಿ ಬಂದಳು, ಅವಳ ಹಿಂದೆ ಕತ್ತೆ, ಕತ್ತೆಯ ಹಿಂದೆ ಓಣಿಯೆಲ್ಲ. ರಾಣಿ ಬಟ್ಟೆಗೆ ಬಟ್ಟೆ ಹೊಲಿಯುತ್ತ ಹೋದಳು. ಬಟ್ಟೆ ಕೋಟೆ ಬಾಗಿಲು ದಾಟಿತು, ಜೋಳದ ಹೊಲದ ಮೇಲೆ ಹಾಸಿಕೊಂಡಿತು, ಗುಡ್ಡ ಹತ್ತಿ ಇಳಿಯಿತು. ರಾಣಿ ಅದರ ಮೇಲೆ ನಿದ್ದೆಯಲ್ಲಿ ನಡೆದ ಹಾಗೆ ನಡೆದಳು. ಮೇಲೆ ಮೋಡವೂ ಸದ್ದಿಲ್ಲದೆ ಬಂತು.

ಗುಡ್ಡದಾಚೆ, ಓಡಿಬಂದಿದ್ದ ರಾಜ ಬರಿದಲೆಯಲ್ಲಿ ಕೂತಿದ್ದ. ಬಟ್ಟೆಯ ಕೊನೆಯ ಚೌಕ ಅವನ ಕಾಲ ಬಳಿಗೇ ಬಂದು ನಿಂತಿತು.

"ಮಳೆ ಬಿದ್ದಮೇಲೆ ಏನು ಮಾಡಿದಿರಿ?" ಕೇಳಿದಳು ರಾಣಿ.

"ಓಡಿದೆ."

"ಓಡೋಕೆ ಮುಂಚೆ?"

ರಾಜ ಯೋಚಿಸಿದ. "ತಲೆ ಎತ್ತಿ ಅದನ್ನ ನೋಡಿದೆ. ಬೈದೆ."

"ನೆನೆಯದೆ ಇದ್ದಾಗ ಯಾವತ್ತಾದರೂ ನೋಡಿದ್ದೀರಾ?"

ಈ ಸಲ ಕೊನೆಯ ಪಟ್ಟೆ 'ಆಮೇಲೆ?' ಅನ್ನಲಿಲ್ಲ. ರಾಜ, ಒಂದು ಹನಿಯೂ ಬೀಳದೆ, ತಾನಾಗೇ ತಲೆ ಎತ್ತಿದ.

"ಎಷ್ಟು ದೊಡ್ಡವನಾಗಿಬಿಟ್ಟಿದ್ದೀಯೋ," ಅಂದ ಮೆಲ್ಲಗೆ.

ಮೋಡ ಕೆಳಗಿಳಿದು ಅವನ ತೊಡೆಯ ಮೇಲೆ ಮಲಗಿತು. ರಾಜನ ಪಂಚೆ ತೊಯ್ದುಹೋಯಿತು, ಕಾಲು ಜೋಮು ಹಿಡಿಯಿತು. ಅವನು ಅಲ್ಲಾಡಲಿಲ್ಲ.

ಇದರಿಂದ ತಿಳಿಯುವ ನೀತಿ ಏನಪ್ಪಾ ಅಂದರೆ, ಚೌಕಳಿ ಬಟ್ಟೆ ಕೊಳ್ಳುವಾಗ ಒಂದು ಗಜ ಹೆಚ್ಚಿಗೆ ಕೊಳ್ಳಬೇಕು. ಕೇಳಿದವರ ತಲೆ ಒಣಗಿರಲಿ, ಹೇಳಿದವರ ಬಾಯಿ ತೇವವಾಗಿರಲಿ.