ಉಡಿಗೆ ಬಿದ್ದ ಮಾವು

ಲಕ್ವ ಹೊಡೆದ ಬಲಗೈಗೆ ವ್ಯಾಯಾಮವಾಗಲೆಂದು ಆಸ್ಪತ್ರೆಯವರು ನೀಲವ್ವನನ್ನು ಟಿವಿ ಆಟದ ಮುಂದೆ ಕೂರಿಸಿದ್ದರು. ಪರದೆಯಲ್ಲಿ ಅವಳ ಬಿಂಬ, ಬಿಂಬದ ತಲೆಯ ಮೇಲೆ ತೊಟ್ಟಿನಿಂದ ತೂಗುವ ಒಂದು ಮಾವಿನಹಣ್ಣು. ಕೈ ನೇರ ಮೇಲೆತ್ತಿದರೆ ಹಣ್ಣು ಉದುರಬೇಕು. ಕೈಯೋ, ತೊಡೆ ಬಿಟ್ಟು ಏಳಲೊಲ್ಲದು. ನೋಡಿ ನೋಡಿ ಹಣ್ಣಿನ ಕರುಳು ಚುರುಕ್ ಎನ್ನುತ್ತಿತ್ತು.

ಅಷ್ಟರಲ್ಲಿ ನೀಲವ್ವನ ಸೆರಗು ಜಾರಿತು. ಅವಳಿಗೇ ತಿಳಿಯದಂತೆ ಬಲಗೈ ಎದ್ದು, ಎಡಭುಜದವರೆಗೆ ಹೋಗಿ ಸೆರಗು ಸರಿಮಾಡಿತು.

"ತಪ್ಪು! ಕೈ ನೇರ ಮೇಲೆ ಹೋಗಲಿಲ್ಲ," ಎಂದಿತು ಟಿವಿಯ ಮೇಲಿದ್ದ ಕ್ಯಾಮೆರಾ.

"ಅಯ್ಯಾ, ಏಳದ ಕೈ ಎದ್ದಿತಲ್ಲ! ನೀನು ನೋಡಿದ್ದಾದರೂ ಏನನ್ನು?" ಎಂದಿತು ಹಣ್ಣು.

"ನಾನು ನೋಡುವುದು ನಿಯಮವನ್ನು."

"ನೋಡುತ್ತಿರು. ನಾನು ಅವ್ವನ ಹತ್ತಿರ ಹೋಗುತ್ತೇನೆ," ಎಂದ ಹಣ್ಣು ತೊಟ್ಟು ಕಳಚಿಕೊಂಡು ಬಿಂಬದ ಉಡಿಗೆ ಬಿತ್ತು.

ನೀಲವ್ವ ನಕ್ಕಳು. ಅದನ್ನು ಎತ್ತಿಕೊಳ್ಳಲು ಪರದೆಯತ್ತ ಬಲಗೈಯನ್ನೇ ಚಾಚಿದಳು.