ಮೀನಿಗೆ ಕಟ್ಟಿದ ಗೋಡೆ

ಶಿಷ್ಯ ಸಂಗಪ್ಪ ಗುರುಗಳ ಮುಂದೆ ಕೂತು ಕೇಳಿದ: "ಗುರುಗಳೇ, ಹದಿನಾರರ ಮಗಳು ಮೂರು ತಿಂಗಳಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಊಟವೂ ಅಷ್ಟಕ್ಕಷ್ಟೇ. ತಾಯಿಯಿಲ್ಲದ ಕೂಸೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ. ನನ್ನಿಂದ ಏನು ತಪ್ಪಾಯಿತು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ನಿನ್ನ ಹಾಗೆಯೇ ಒಳ್ಳೆಯವನು, ನಿನ್ನ ಹಾಗೆಯೇ ಪುಕ್ಕಲ. ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಡಿಸಿ, ಸಮುದ್ರದ ನೀರು ತುಂಬಿಸಿ, ಹವಳದ ಬಂಡೆಗಳಲ್ಲಿ ಬದುಕುವ ಒಂದು ಮೀನನ್ನು ತಂದು ಬಿಟ್ಟ. ಮೀನು ಮೂಲೆ ಹಿಡಿದು ನಿಂತಿತು. ಹಾಕಿದ್ದನ್ನು ತಿನ್ನಲಿಲ್ಲ. ವ್ಯಾಪಾರಿಗೂ ಅನ್ನ ಸೇರದಾಯಿತು.

ಮೀನು ಕೊಟ್ಟವನು ಬಂದು ನೋಡಿದ. "ನಾಲ್ಕೂ ಕಡೆ ಬರೀ ಗಾಜು, ಸ್ವಾಮಿ. ಅದಕ್ಕೆ ಹೆದರಿಕೆ. ಹಿಂಬದಿಗೆ ಕಲ್ಲಿನ ಗೋಡೆ ಕಟ್ಟಿ, ನಡುನಡುವೆ ಪೊಟರೆ ಬಿಡಿ. ಅಡಗುವುದಕ್ಕೆ ಜಾಗವಿದೆ ಅಂತ ಗೊತ್ತಾದರೆ ತಾನಾಗಿಯೇ ಹೊರಗೆ ಬರುತ್ತದೆ" ಎಂದ.

ವ್ಯಾಪಾರಿ ಅಂದೇ ಕೆಲಸ ಹಿಡಿದ. ಆದರೆ ಮೊದಲ ಪೊಟರೆ ಬಿಡುವಾಗಲೇ ಅವನಿಗೆ ಯೋಚನೆ ಹತ್ತಿತು. ಒಳಗೆ ಹೋದ ಮೀನು ಅಲ್ಲೇ ಸಿಕ್ಕಿಕೊಂಡರೆ? ಕಾಯಿಲೆ ಬಿದ್ದರೆ? ನನಗೆ ಹೇಗೆ ತಿಳಿಯಬೇಕು? ಒಂದೊಂದು ಕಲ್ಲು ಇಟ್ಟಾಗಲೂ ಬಂದು ತನ್ನ ಕುರ್ಚಿಯಲ್ಲಿ ಕೂತು ನೋಡಿದ. ಪೊಟರೆಯ ಕೊನೆ ಕಾಣದಿದ್ದರೆ ಎದ್ದುಹೋಗಿ ಕಲ್ಲನ್ನು ತಿರುಗಿಸಿಟ್ಟ. ನಾಲ್ಕು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಗೋಡೆಯೇನೋ ಬಹಳ ಚೆನ್ನಾಗಿ ಬಂತು.

ಮೀನು ಒಂದು ಪೊಟರೆ ಹೊಕ್ಕು ತಿರುಗಿತು. ಎದುರಿಗೆ ವ್ಯಾಪಾರಿಯ ಕಣ್ಣು. ಅದನ್ನು ಬಿಟ್ಟು ಇನ್ನೊಂದಕ್ಕೆ ಹೊಕ್ಕಿತು, ಮತ್ತೊಂದಕ್ಕೆ ಹೊಕ್ಕಿತು. ಎಲ್ಲಿ ಹೋದರೂ ಆ ಕಣ್ಣು ತಪ್ಪಲಿಲ್ಲ. ಗೋಡೆ ಮುಗಿದ ಮೂರನೆಯ ದಿನ ಸತ್ತು ತೇಲಿತು.

ವ್ಯಾಪಾರಿ ಮೀನು ಕೊಟ್ಟವನನ್ನು ಕರೆಸಿ ಅತ್ತ. "ನೀನು ಹೇಳಿದ ಹಾಗೆಯೇ ಕಟ್ಟಿದೆನಲ್ಲಯ್ಯಾ! ಇಲ್ಲಿ ಕೂತು ನೋಡು, ಹದಿನಾಲ್ಕು ಪೊಟರೆ ಇವೆ."

ಅವನು ಕುರ್ಚಿಯಲ್ಲಿ ಕೂತ. ಹದಿನಾಲ್ಕೂ ಕಂಡವು.

"ಇವನ್ನು ನೀವು ನಿಮಗೋಸ್ಕರ ಕಟ್ಟಿಕೊಂಡಿದ್ದೀರಿ, ಸ್ವಾಮಿ" ಎಂದು ಎದ್ದುಹೋದ.

ಕತೆ ಮುಗಿಯಿತು. ಸಂಗಪ್ಪನಿಗೆ ಆ ವ್ಯಾಪಾರಿಯ ಮೇಲೆ ಮರುಕ ಬಂತು. "ಪಾಪ, ಪ್ರೀತಿಯಿಂದಲೇ ಕಟ್ಟಿದ್ದಲ್ಲವೇ ಗುರುಗಳೇ?" ಎಂದ.

ಗುರುಗಳು ಕೇಳಿದರು: "ನಿನ್ನ ಮಗಳ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕ ಇದೆಯೇನಪ್ಪಾ?"